ಹದಿನೆಂಟಕ್ಕೆ ಮದ್ದು

ನಮ್ಮ ದೇವರ ಕೋಣೆಯಲ್ಲಿ ಒಂದು ಸಿರಿಂಜು ಇದೆ. ಗಾಬರಿಯಾಗಬೇಡಿ, ಸೂಜಿ ಇಲ್ಲ. ಬಿಳಿ ಪ್ಲಾಸ್ಟಿಕ್ಕಿನದು, ಹೆಬ್ಬೆರಳಿನಷ್ಟು ದಪ್ಪ, ಹಿಂದಿನಿಂದ ಒತ್ತುವ ಕಡ್ಡಿಯ ಮೇಲೆ ನೂರು ಕಿಲೋ, ಇನ್ನೂರು ಕಿಲೋ ಎಂದು ಗೆರೆಗಳು. ನಮ್ಮ ಅತ್ತೆ ಅದನ್ನು ಬಿಸಿನೀರಿನಲ್ಲೊಮ್ಮೆ, ಹುಣಸೆಹಣ್ಣಿನಲ್ಲೊಮ್ಮೆ, ಸೀಗೆಪುಡಿಯಲ್ಲೊಮ್ಮೆ ತೊಳೆದು, ಈಗ ದೀಪಕ್ಕೆ ಎಣ್ಣೆ ಹಾಕಲು ಇಟ್ಟುಕೊಂಡಿದ್ದಾರೆ. ಒಂದು ತೊಟ್ಟೂ ಆಚೀಚೆ ಚೆಲ್ಲುವುದಿಲ್ಲವೆಂದು ಅವರಿಗೆ ಅದರ ಮೇಲೆ ಬಹಳ ಪ್ರೀತಿ. ಮೊನ್ನೆ ಬಂದ ನೆಂಟರೊಬ್ಬರು ಭಕ್ತಿಯಿಂದ ಅದನ್ನೇ ನೋಡುತ್ತ, "ಇದು ಯಾವ ಕ್ಷೇತ್ರದ್ದು?" ಎಂದು ಕೇಳಿದರು. ಕುದುರೆಯ ಹೊಟ್ಟೆಹುಳದ ಮದ್ದು ತುಂಬಿಕೊಂಡು ಬಂದಿದ್ದ ಕೊಳವೆ, ಕಿಲೋ ಗೆರೆಗಳು ಕುದುರೆಯ ತೂಕಕ್ಕೆ ಎಂದು ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆರತಿಗೆ ಚಾಚಿದ್ದ ಅವರ ಕೈ ಅಲ್ಲೇ ನಿಂತಿತು.

ಇದ್ದದ್ದನ್ನು ಹೇಳುವುದು, ಅದನ್ನೂ ಸರಿಯಾದ ಪದದಲ್ಲೇ ಹೇಳುವುದು, ನನ್ನ ಹಳೆಯ ಕಾಯಿಲೆ. ಮೂವತ್ತಮೂರು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ನಿವೃತ್ತಿಯ ದಿನ ಕೆಂಪು ಪೆನ್ನನ್ನು ಶಾಲೆಯಲ್ಲೇ ಬಿಟ್ಟು ಬಂದೆ; ಚಟ ಮಾತ್ರ ಹಿಂದೆಯೇ ಮನೆಗೆ ಬಂತು. ಮದುವೆ ಕಾಗದ ಬಂದರೆ ಮುಹೂರ್ತ ನೋಡುವ ಮೊದಲು ಒತ್ತಕ್ಷರ ನೋಡುತ್ತೇನೆ. ನಮ್ಮ ಅಪ್ಪ ಅಮ್ಮ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಜಮೀನು ಮಾಡಿಕೊಂಡವರು. ನಾನು ಮದುವೆಯಾಗಿ ಬಂದದ್ದು ಮಾದಾಪುರದ ಹತ್ತಿರದ ಈ ಅರೆಭಾಷೆಯ ಮನೆಗೆ. ಅರೆಭಾಷೆ ಎಂಬ ಹೆಸರು ಕೇಳಿ, ಉಳಿದ ಅರ್ಧವನ್ನು ನಾನೇ ತುಂಬಿಕೊಡಬೇಕು ಎಂದು ಆಗ ಅಂದುಕೊಂಡಿದ್ದೆ. ಅತ್ತೆ "ಉಟ್ಟು" ಎಂದಾಗಲೆಲ್ಲ "ಇದೆ ಅನ್ನಬೇಕು ಅತ್ತೆ" ಎಂದು ಒಂದು ವರ್ಷ ತಿದ್ದಿದೆ. ಕೊನೆಗೆ ಅವರು ಊರಿನವರೆಲ್ಲ ಕರೆಯುವ ಹಾಗೆ ನನ್ನನ್ನು "ಟೀಚರ್" ಎಂದು ಕರೆಯತೊಡಗಿದರು. ಈಗಲೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಾರೆ.

ತಿದ್ದಿದ ಪದಗಳಲ್ಲಿ ನಾನು ಅತಿ ಹೆಚ್ಚು ಸಲ ತಿದ್ದಿದ್ದು "ಮದ್ದು" ಎಂಬುದನ್ನು. ನಮ್ಮ ಕೊಡಗಿನ ಮಕ್ಕಳಿಗೆ, ಮನೆಯಲ್ಲಿ ಯಾವ ಭಾಷೆಯವರೇ ಆಗಿರಲಿ, ಜ್ವರ ಬಂದರೆ ಕುಡಿಯುವುದು ಮದ್ದು, ಕಾಫಿ ಗಿಡಕ್ಕೆ ಹೊಡೆಯುವುದು ಮದ್ದು, ಇಲಿಗೆ ಇಡುವುದೂ ಮದ್ದು. "ಮದ್ದು ಅಂದರೆ ಕೋವಿಗೆ ತುಂಬುವುದು. ನೀನು ಕುಡಿದದ್ದು ಔಷಧಿ. ಷ ಅನ್ನುವಾಗ ನಾಲಿಗೆ ಮಡಚು" ಎಂದು ಬೆಂಚಿನ ಮೇಲೆ ನಿಲ್ಲಿಸಿ ಹೇಳಿಸಿದ್ದೇನೆ. ಆ ಪಾಪ ಸುಮ್ಮನೆ ಹೋಗುತ್ತದೆಯೇ? ನಿವೃತ್ತಿಯಾಗಿ ಹಟ ಬಿಟ್ಟು, ಎಲ್ಲರ ಹಾಗೆ ನಾನೂ ಮದ್ದು ಎನ್ನಲು ಶುರುಮಾಡಿದ ಮೇಲೆ ಅದು ನನ್ನನ್ನು ಹುಡುಕಿಕೊಂಡು ಬಂತು. ಬಂದದ್ದು ಪಿಕಪ್ ಗಾಡಿಯಲ್ಲಿ, ನಾಲ್ಕು ಕಾಲಿನ ಮೇಲೆ.

ಕಳೆದ ಮಳೆಗಾಲದಲ್ಲಿ ನಮ್ಮವರು ಗೋಣಿಕೊಪ್ಪಲಿನ ಆಚೆ ಮುಚ್ಚಿಹೋಗಿದ್ದ ಒಂದು ರೆಸಾರ್ಟಿನ ಜನರೇಟರ್ ನೋಡಿ ಬರುತ್ತೇನೆಂದು ಜೀಪಿನಲ್ಲಿ ಹೋದರು. ಸಂಜೆ ಜೀಪು ಬಂತು, ಹಿಂದೆಯೇ ಒಂದು ಪಿಕಪ್ ಬಂತು, ಪಿಕಪ್ಪಿನಲ್ಲಿ ಒಂದು ಮೋರೆ ಕಂಡಿತು.

"ಜನರೇಟರ್ ಎಲ್ಲಿ?" ಎಂದೆ.

"ಅದು ಸ್ಟಾರ್ಟ್ ಆಗ್ಲಿಲ್ಲ."

"ಇದು ಆಗ್ತದಾ?"

ನಮ್ಮವರು ಪಿಕಪ್ಪಿನ ಹಿಂದಿನ ಬಾಗಿಲು ಇಳಿಸಿದರು. ಪ್ರವಾಸಿಗರ ಮಕ್ಕಳನ್ನು ಕೂರಿಸಿ ಸುತ್ತು ಹೊಡೆಸಲು ಇಟ್ಟುಕೊಂಡಿದ್ದ ಕುದುರೆಯಂತೆ. ರೆಸಾರ್ಟು ಮುಚ್ಚಿದಾಗ ಕುರ್ಚಿ, ಮಂಚ, ಗೀಸರ್ ಎಲ್ಲವನ್ನೂ ಸಾಗಿಸಿದವರು ಇದನ್ನು ಈಜುಕೊಳದ ಪಕ್ಕದ ಕಂಬಕ್ಕೆ ಕಟ್ಟಿದಂತೆಯೇ ಬಿಟ್ಟುಹೋಗಿದ್ದರು. ಕಾವಲುಗಾರ ಕನಿಕರಪಟ್ಟು ಆಗೀಗ ಹುಲ್ಲು ಹಾಕುತ್ತಿದ್ದನಂತೆ. ಪಕ್ಕೆಲುಬುಗಳನ್ನು ದೂರದಿಂದಲೇ ಎಣಿಸಬಹುದಿತ್ತು; ಹೊಟ್ಟೆ ಮಾತ್ರ ಗುಡಾಣ. ಗೊರಸುಗಳು ಬೆಳೆದು ಮುಂದಕ್ಕೆ ಬಾಗಿದ್ದವು. ಬಾಲದ ತುಂಬ ಅಂಟುಪುರಲೆ. ಕೇಸರದಲ್ಲಿ ಯಾವ ಮಗುವಿಗಾಗಿಯೋ ಸಿಕ್ಕಿಸಿದ್ದ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಹೂವೊಂದು ಇನ್ನೂ ಉಳಿದಿತ್ತು. ಬೈಯಬೇಕೆಂದು ಬಾಯಿ ತೆರೆದಿದ್ದ ನನಗೆ ಆ ಹೂವು ನೋಡಿ ಮಾತು ಹೊರಡಲಿಲ್ಲ.

ಮಾತು ಹೊರಡದಿದ್ದರೇ ಒಳ್ಳೆಯದಿತ್ತು. ಪಿಕಪ್ಪಿನ ಡ್ರೈವರ್ ಹಗ್ಗ ಹಿಡಿದು, "ಕುದ್ರೆ ಸಣ್ಣ ಆಯ್ತಲ್ಲ ಟೀಚರೇ, ಮರಿಯಾ?" ಎಂದು ಕೇಳಿದ. ನನ್ನೊಳಗಿನ ಮೇಷ್ಟರಿಗೆ ಅಷ್ಟು ಸಾಕಾಯಿತು. ಕುದುರೆಯಲ್ಲೇ ಗಿಡ್ಡ ಜಾತಿಯದು ಇದು, ಇದಕ್ಕೆ ಕನ್ನಡದಲ್ಲಿ ಬೇರೆ ಹೆಸರೇ ಇದೆ ಎಂಬ ಉತ್ಸಾಹದಲ್ಲಿ ದೊಡ್ಡದಾಗಿ, "ಮರಿಯಲ್ಲಪ್ಪ, ತಟ್ಟು!" ಎಂದೆ. ಆ ಪುಣ್ಯಾತ್ಮ ವಿಧೇಯನಾಗಿ ಅದರ ಹಿಂಭಾಗಕ್ಕೆ ರಪ್ಪನೆ ತಟ್ಟಿದ. ಒದೆ ಬಿದ್ದದ್ದು ಮೊಣಕಾಲಿನ ಕೆಳಗೆ.

"ಎಂತ ಟೀಚರೇ, ನೀವೇ ಅಲ್ವಾ ತಟ್ಟು ಅಂದದ್ದು!" ಎಂದು ಅವನು ಅಂಗಳದಲ್ಲಿ ಕಾಲು ಹಿಡಿದುಕೊಂಡು ಕುಣಿದ. ಅತ್ತೆ ಒಳಗಿನಿಂದ ಎಣ್ಣೆ ತಂದು ತಿಕ್ಕಿದರು. ಊರಿಗೆಲ್ಲ ಸುದ್ದಿ ಹಬ್ಬಿ, ಕುದುರೆಗೆ ತಟ್ಟು ಎಂಬ ಹೆಸರೇ ಖಾಯಮ್ಮಾಯಿತು. ಹೆಣ್ಣಿಗೆ ಇಡುವ ಹೆಸರೇ ಇದು ಎಂದು ನಮ್ಮವರು ಗೊಣಗಿದರು.

ತಟ್ಟುವಿಗೆ ಜೀಪಿನ ಶೆಡ್ಡು ಸಿಕ್ಕಿತು. ಜೀಪಿಗೆ ಮಳೆ ಸಿಕ್ಕಿತು. ಅದು ಶೆಡ್ಡಿನ ಮೂಲೆಗೆ ಮೋರೆ ಹಾಕಿ, ನಮಗೆ ಬೆನ್ನು ತೋರಿಸಿ ನಿಂತುಬಿಟ್ಟಿತು. ಹುಲ್ಲು ತಿನ್ನುವುದು ಯಾರೂ ನೋಡದಿದ್ದಾಗ. ಹತ್ತಿರ ಹೋದರೆ ಕಿವಿ ಹಿಂದಕ್ಕೆ ಮಲಗುತ್ತಿತ್ತು, ಕಾಲು ಏಳುತ್ತಿತ್ತು. ಆದರೆ ಒಂದು ವಿಚಿತ್ರ ನೋಡಿ. ಎರಡನೆಯ ದಿನ ಡಾಕ್ಟರಿಗೆ ಕಳಿಸಲು ಫೋಟೋ ಬೇಕೆಂದು ನಮ್ಮವರು ಮೊಬೈಲ್ ಎತ್ತಿದ್ದೇ ತಡ, ತಟ್ಟು ಸರ್ರನೆ ತಿರುಗಿ, ಕತ್ತು ಎತ್ತಿ, ಮುಂಗಾಲು ಜೋಡಿಸಿ, ಅಲ್ಲಾಡದೆ ನಿಂತಿತು. ಮೊಬೈಲ್ ಇಳಿಸಿದರು, ಮತ್ತೆ ಮೂಲೆಗೆ ತಿರುಗಿತು. ಎತ್ತಿದರು, ಮತ್ತೆ ಪೋಸು. ಎಷ್ಟು ಸಾವಿರ ಜನ ಅದರ ಪಕ್ಕ ನಿಂತು ಹಲ್ಲು ಕಿರಿದು ಹೋಗಿರಬೇಕು! ನಮಗೆ ಮೊದಲು ನಗು ಬಂತು, ಆಮೇಲೆ ನಮ್ಮವರು ಮೊಬೈಲನ್ನು ಜೇಬಿಗೆ ಹಾಕಿಬಿಟ್ಟರು. ಕ್ಯಾಮೆರಾಕ್ಕೆ ನಿಂತರಷ್ಟೇ ಹೊಡೆಯುವುದಿಲ್ಲ ಎಂದು ಅದು ಕಲಿತಿತ್ತೋ ಏನೋ.

ಪಶುವೈದ್ಯರು ಬಾದಾಮಿ ಕಡೆಯವರು, ಈ ಜಿಲ್ಲೆಗೆ ಬಂದು ಐದು ತಿಂಗಳಾಗಿತ್ತಷ್ಟೆ. ಚಿಕ್ಕ ವಯಸ್ಸು, ದೊಡ್ಡ ರೇನ್‌ಕೋಟು. ಬಂದು ತಟ್ಟುವಿನ ಕಣ್ಣಿನ ರೆಪ್ಪೆ ಬಿಡಿಸಿ ನೋಡಿ, "ಹೊಟ್ಟಿ ನೋಡಿ ಮೋಸ ಹೋಗಬ್ಯಾಡ್ರಿ ಮೇಡಂ. ಅದು ಮೈ ಅಲ್ರಿ, ಪೂರಾ ಹುಳ ಅದಾವ. ಮೊದಲ ಒಂದೀಟು ಲದ್ದಿ ತಂದು ಕೊಡ್ರಿ, ಪರೀಕ್ಷಾ ಮಾಡೂಣು" ಎಂದರು.

ಲದ್ದಿ! ನನಗೆ ಅವರನ್ನು ತಬ್ಬಿಕೊಳ್ಳುವಷ್ಟು ಖುಷಿಯಾಯಿತು. ದನದ್ದು ಸಗಣಿ, ಮೇಕೆಯದು ಹಿಕ್ಕೆ, ಆನೆ ಕುದುರೆಯದು ಲದ್ದಿ ಎಂದು ಮೂವತ್ತಮೂರು ವರ್ಷ ಬೋರ್ಡಿನ ಮೇಲೆ ಬರೆದಿದ್ದೆ. ಬೋರ್ಡಿನ ಹೊರಗೆ ಆ ಪದವನ್ನು ಸರಿಯಾಗಿ ಬಳಸಿದ ಮೊದಲ ಮನುಷ್ಯ ಇವರು. ಮಾರನೆಯ ದಿನ ಹಾರ್ಲಿಕ್ಸ್ ಬಾಟಲಿಯೊಂದರಲ್ಲಿ ತಾಜಾ ಲದ್ದಿ ತುಂಬಿ, ಬ್ಯಾಗಿನಲ್ಲಿಟ್ಟು, ಸೋಮವಾರಪೇಟೆ ಬಸ್ಸು ಹತ್ತಿದೆ. ಕಂಡಕ್ಟರ್ ನನ್ನ ಹಳೆಯ ವಿದ್ಯಾರ್ಥಿ. ಬ್ಯಾಗನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡಿದ್ದನ್ನು ನೋಡಿ, "ಎಂತ ಟೀಚರ್ ಅದು, ಅಷ್ಟು ಜೋಪಾನ?" ಎಂದ. "ಲದ್ದಿ" ಎಂದೆ. ಎಂಜಿನ್ನಿನ ಸದ್ದಿನಲ್ಲಿ ಅವನಿಗೆ ಏನು ಕೇಳಿತೋ, ಮುಖ ಅರಳಿಸಿ, "ಲಡ್ಡಾ? ಒಂದು ಇತ್ಲಾಗೆ ಕೊಡಿ ಟೀಚರ್" ಎಂದು ಕೈ ಚಾಚಿದ. ಇಡೀ ಬಸ್ಸು ನನ್ನನ್ನೇ ನೋಡುತ್ತಿತ್ತು. ನಾನು ಬಾಟಲಿ ಹೊರಗೆ ತೆಗೆದೆ. ಆಮೇಲೆ ಸೋಮವಾರಪೇಟೆಯವರೆಗೆ ನನ್ನ ಪಕ್ಕದ ಸೀಟು ಖಾಲಿಯೇ ಇತ್ತು.

ಪರೀಕ್ಷೆಯ ಫಲಿತಾಂಶ ಒಳ್ಳೆಯದಿರಲಿಲ್ಲ. ಡಾಕ್ಟರು ನನ್ನನ್ನು ಕೂರಿಸಿ ಹೇಳಿದರು. "ಬಾಳ ಹುಳ ಅದಾವ್ರಿ. ಒಮ್ಮಿಗೇ ಗಟ್ಟಿ ಔಷಧ ಕೊಟ್ರ ಎಲ್ಲಾ ಸತ್ತು ಕರುಳಾಗ ಗಂಟು ಬೀಳ್ತಾವು. ಮದಲ ಮೆತ್ತಂದು ಕೊಡೂಣು, ಆಮ್ಯಾಲ ಗಟ್ಟಿದು. ನಾ ಪಂಚಮಿ ಹಬ್ಬಕ್ಕ ಊರಿಗೆ ಹೋಗಿ ಬರ್ತೀನ್ರಿ. ಇವತ್ತಿಂದ ಹದಿನೆಂಟನೇ ದಿವಸಕ್ಕ ಎರಡನೇದು ಕೊಡ್ರಿ. ಹೊಟ್ಟಿನೋವು ಬಂದು ನೆಲಕ್ಕ ಬಿತ್ತಂದ್ರ ಮಾತ್ರ ತಕ್ಷಣ ಫೋನ್ ಹಚ್ಚರಿ. ಬಿದ್ದ ಕುದರಿ ಎದ್ದ ಬರೂದು ಕಷ್ಟ ಅದ."

ಬದುಕುತ್ತದೆಯಾ ಎಂದು ಕೇಳಿದೆ. "ಹೇಳಾಕ ಬರಂಗಿಲ್ರಿ" ಎಂದರು. ನಾಲ್ಕು ದಿನದ ಹಿಂದೆ ಮನೆಗೆ ಬಂದ, ನನ್ನನ್ನು ಕಂಡರೆ ಒದೆಯಲು ಕಾಲೆತ್ತುವ ಆ ಪ್ರಾಣಿ ಸಾಯಬಾರದು ಎಂದು ನನಗೆ ಎಷ್ಟು ಬಲವಾಗಿ ಅನ್ನಿಸಿತೆಂದರೆ ನನಗೇ ಆಶ್ಚರ್ಯವಾಯಿತು.

ಹುಳದ ಔಷಧಿ ಎಂದ ಕೂಡಲೇ ನನಗೆ ನೆನಪಾಗುವುದು ಕುಶಾಲನಗರದ ನಮ್ಮ ಮನೆಯ ಜಗಲಿ. ಬೇಸಿಗೆ ರಜ ಮುಗಿಯುವ ಮೊದಲಿನ ಭಾನುವಾರ ಮನೆಯ ಆರು ಮಕ್ಕಳಿಗೆ ಹರಳೆಣ್ಣೆಯ ದಿನ. ರಜದಲ್ಲಿ ತಿಂದ ಮಾವು, ಹಲಸು, ಬೆಲ್ಲ ಎಲ್ಲದರ ವಿಚಾರಣೆ ಅವತ್ತು. ರಾತ್ರಿ ಹಲ್ಲು ಕಡಿದವರು, ಮೂಗು ತುರಿಸಿಕೊಂಡವರು, ಊಟದ ನಡುವೆ ಎದ್ದುಹೋದವರು, ಎಲ್ಲರ ಮೇಲೂ ಅಮ್ಮನ ಹತ್ತಿರ ಸಾಕ್ಷ್ಯ ಇರುತ್ತಿತ್ತು. ಎತ್ತರದ ಪ್ರಕಾರ ಸಾಲಾಗಿ ಕೂರಿಸಿ, ಅಪ್ಪ ಹಿಂದಿನಿಂದ ತಲೆ ಹಿಡಿದರೆ ಅಮ್ಮ ಮೂಗು ಮುಚ್ಚಿ ಒಳಲೆಯಲ್ಲಿ ಎಣ್ಣೆ ಸುರಿಯುತ್ತಿದ್ದರು. ನಾನು ಅದನ್ನು ನುಂಗದೆ ಎಡಗೆನ್ನೆಯಲ್ಲಿ ಇಟ್ಟುಕೊಂಡು, ಗಂಭೀರವಾಗಿ ಎದ್ದು, ದಾಸವಾಳದ ಗಿಡದ ಬುಡಕ್ಕೆ ಉಗುಳಿ ಬರುವ ವಿದ್ಯೆ ಕಲಿತಿದ್ದೆ. ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಅಮ್ಮ ಎಣ್ಣೆ ಸುರಿದ ಮೇಲೆ, "ಎಲ್ಲಿ, ಮಗ್ಗಿ ಹೇಳು" ಎಂದರು. ಹದಿಮೂರರ ಮಗ್ಗಿ. ಬಾಯಿ ತೆರೆದೆ, ಎಣ್ಣೆ ಲಂಗದ ಮೇಲೆ ಇಳಿಯಿತು. ಆ ದಾಸವಾಳದ ಗಿಡಕ್ಕಂತೂ ಜನ್ಮದಲ್ಲಿ ಹುಳ ಬೀಳಲಿಲ್ಲ.

ಇಷ್ಟು ಅನುಭವ ಇರುವವಳು ತಟ್ಟುವಿನ ಎದುರು ಸೋಲುವೆನೇ? ಜುಲೈ ನಡುವೆ ಶುರುವಾಗುವ ನಮ್ಮ ಕಡೆಯ ಆಟಿ ತಿಂಗಳ ಮೊದಲ ದಿನ ಅವತ್ತು. ನಮ್ಮವರು ಎದುರು ನಿಂತು ಮೊಬೈಲ್ ಎತ್ತಿದರು. ತಟ್ಟು ಪೋಸು ಕೊಟ್ಟಿತು. ನಾನು ಪಕ್ಕದಿಂದ ಬಾಯಿಯ ಸಂದಿಗೆ ಸಿರಿಂಜು ತೂರಿಸಿ ಒತ್ತಿದೆ. ಅಷ್ಟು ಸುಲಭವಾ ಎಂದು ನಾವಿಬ್ಬರೂ ಹಿಗ್ಗಿದೆವು. ಮೊಬೈಲ್ ಇಳಿಯಿತು. ತಟ್ಟು ನಿಧಾನವಾಗಿ ಮೂಲೆಗೆ ಹೋಗಿ, ಎಡಗೆನ್ನೆಯಿಂದ ಅಷ್ಟನ್ನೂ ಹುಲ್ಲಿನ ಮೇಲೆ ಉಗುಳಿತು. ನನಗೆ ಸಿಟ್ಟು ಬರುವ ಬದಲು ಒಬ್ಬ ಒಡಹುಟ್ಟಿದವಳನ್ನು ಕಂಡ ಹಾಗಾಯಿತು. ಇದಕ್ಕೆ ಮಗ್ಗಿ ಹೇಳು ಎನ್ನಲು ಬರುವುದಿಲ್ಲವಲ್ಲ! ಇನ್ನೊಂದು ಸಿರಿಂಜು ತರಿಸಿ, ಈ ಸಲ ಒತ್ತಿದ ಮೇಲೂ ನಮ್ಮವರು ಮೊಬೈಲನ್ನು ತಲೆಗಿಂತ ಎತ್ತರಕ್ಕೆ ಹಿಡಿದೇ ನಿಂತರು. ಕ್ಯಾಮೆರಾ ಇರುವವರೆಗೆ ಕತ್ತು ಇಳಿಸುವಂತಿಲ್ಲ, ಕತ್ತು ಇಳಿಸದೆ ಉಗುಳುವಂತಿಲ್ಲ. ಕೊನೆಗೆ ಗುಟುಕ್ ಎಂದು ಗಂಟಲು ಇಳಿದದ್ದು ಕಂಡಿತು.

ಆಮೇಲಿನ ದಿನಗಳಲ್ಲಿ ನಾನು ಮಧ್ಯಾಹ್ನ ಶೆಡ್ಡಿನ ಬಾಗಿಲಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರತೊಡಗಿದೆ. ಮನುಷ್ಯರ ದನಿ ರೂಢಿಯಾಗಲಿ ಎಂದು ಡಾಕ್ಟರು ಹೇಳಿದ್ದರು. ಏನು ಮಾತಾಡುವುದು? ಬರುವುದು ಒಂದೇ. ಸಂಧಿಗಳಿಂದ ಶುರುಮಾಡಿ ಲೋಪ, ಆಗಮ, ಆದೇಶ ಮುಗಿಸಿ, ವಾರ ಕಳೆಯುವಷ್ಟರಲ್ಲಿ ಸಮಾಸಕ್ಕೆ ಬಂದಿದ್ದೆ. ಮೊದಲು ಒಂದು ಕಿವಿ ನನ್ನ ಕಡೆ ತಿರುಗಿತು. ಆಮೇಲೆ ಎರಡೂ. ಬಹುವ್ರೀಹಿಯ ದಿನ ಇಡೀ ಮೋರೆ ತಿರುಗಿಸಿ ನನ್ನನ್ನೇ ನೋಡಿತು. ಇಷ್ಟು ಏಕಾಗ್ರತೆಯ ವಿದ್ಯಾರ್ಥಿ ನನಗೆ ಸರ್ವಿಸ್ಸಿನಲ್ಲೇ ಸಿಕ್ಕಿರಲಿಲ್ಲ ಎಂದು ಕಣ್ಣು ಒದ್ದೆಯಾಗುವಷ್ಟರಲ್ಲಿ, ಒಳಗಿನ ಹಲ್ಲೆಲ್ಲ ಕಾಣುವ ಹಾಗೆ ಆಕಳಿಸಿತು.

ಈಗ ಹದಿನೆಂಟಕ್ಕೆ ಬರುತ್ತೇನೆ. ಹೊರಗಿನವರಿಗೆ ಒಂದು ಮಾತು ಹೇಳಿಬಿಡಬೇಕು. ನಮ್ಮ ಕಡೆ ಆಟಿ ತಿಂಗಳ ಹದಿನೆಂಟನೆಯ ದಿನ ಒಂದು ಕಾಡುಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಿಗಳು ಬಂದು ಸೇರುತ್ತವೆ ಎಂದು ನಂಬಿಕೆ. ಅದರ ಹೆಸರೇ ಮದ್ದುಸೊಪ್ಪು. ಕುದಿಸಿದರೆ ಕಡುನೇರಳೆ ರಸ ಬಿಡುತ್ತದೆ. ಅದಕ್ಕೆ ಅಕ್ಕಿ, ಬೆಲ್ಲ, ಕಾಯಿಹಾಲು ಹಾಕಿ ಪಾಯಸ ಮಾಡಿ ಮನೆಮಂದಿಯೆಲ್ಲ ತಿನ್ನಲೇಬೇಕು. ತಿಂದದ್ದು ಮೈಗೆ ಹತ್ತಿತೋ ಇಲ್ಲವೋ ಎಂಬುದಕ್ಕೆ ಮಾರನೆಯ ಬೆಳಿಗ್ಗೆ ಬಚ್ಚಲಲ್ಲಿ ಗುರುತು ಸಿಗುತ್ತದೆ. ಮೂತ್ರ ಕೆಂಪಗೆ ಹೋಗುತ್ತದೆ. ಮದುವೆಯಾದ ಹೊಸದರಲ್ಲಿ ಇದನ್ನು ಯಾರೂ ಹೇಳದೆ ನಾನು ಅತ್ತದ್ದು ಬೇರೆಯೇ ಕಥೆ.

ಆ ದಿನ ನಾನು ಮನೆಯಲ್ಲಿರಲಿಲ್ಲ. ಸಿದ್ದಾಪುರದಲ್ಲಿ ಜೊತೆಗೆ ಕೆಲಸ ಮಾಡಿದ್ದ ಟೀಚರೊಬ್ಬರ ಬೀಳ್ಕೊಡುಗೆ. ಮಧ್ಯಾಹ್ನ ಬಂದುಬಿಡುವ ಲೆಕ್ಕವಿತ್ತು; ದಾರಿಯಲ್ಲಿ ಮರ ಬಿದ್ದು ಬಸ್ಸು ನಿಂತಿತು, ಅಲ್ಲೇ ಅವರ ಮನೆಯಲ್ಲಿ ಉಳಿಯಬೇಕಾಯಿತು. ತಟ್ಟುವಿನ ಎರಡನೆಯ ಔಷಧಿಯ ದಿನವೂ ಅದೇ. ನಮ್ಮವರ ಫೋನು ತೋಟದೊಳಗೆ ಸಿಗಲಿಲ್ಲ. ಮನೆಯ ಫೋನಿಗೆ ಮಾಡಿದೆ, ಅತ್ತೆ ಎತ್ತಿದರು. ಗರಗರ ಸದ್ದಿನ ನಡುವೆ ನಾನು ಕೂಗಿ ಹೇಳಿದ್ದು ಇಷ್ಟೇ. "ಅತ್ತೆ, ಇವತ್ತು ಹದಿನೆಂಟು. ತಟ್ಟುಗೆ ಮದ್ದು ಕೊಡೋದು ಮರೀಬೇಡಿ!" ಹೂಂ ಎಂದರು. ಲೈನು ಕಡಿಯಿತು. ಔಷಧಿ ಎಂದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಬಂದು, ಬ್ಯಾಗನ್ನೂ ಇಳಿಸದೆ ಶೆಡ್ಡಿಗೆ ಹೋದೆ. ಹುಲ್ಲಿನ ಮೇಲೆ ಕೆಂಪು ಹರಿದಿತ್ತು. ನಾನು ನೋಡುತ್ತಿರುವ ಹಾಗೆಯೇ ತಟ್ಟು ಕಾಲು ಅಗಲಿಸಿ ಮತ್ತಷ್ಟು ಸುರಿಸಿತು, ಅದೂ ಕೆಂಪು. ಅಲ್ಲಿಂದಲೇ ಡಾಕ್ಟರಿಗೆ ಫೋನು ಮಾಡಿದೆ. ಡಾಕ್ಟರು ಹಿಂದಿನ ದಿನವಷ್ಟೇ ಊರಿನಿಂದ ಬಂದಿದ್ದರು.

"ಡಾಕ್ಟ್ರೇ, ರಕ್ತ! ಮೂತ್ರದಲ್ಲಿ ರಕ್ತ ಹೋಗ್ತಿದೆ!"

"ನಿನ್ನಿ ಔಷಧ ಕೊಟ್ರೇನ್ರಿ? ಎಷ್ಟು ಕೊಟ್ರಿ?"

ಅಡುಗೆಮನೆಯ ಕಡೆ ತಿರುಗಿ, "ಅತ್ತೇ, ನಿನ್ನೆ ಮದ್ದು ಎಷ್ಟು ಕೊಟ್ರಿ?" ಎಂದು ಕೂಗಿದೆ.

"ಒಂದು ಬಟ್ಟಲು! ಬಟ್ಟಲು ನೆಕ್ಕಿ ಖಾಲಿ ಮಾಡ್ತ್!" ಎಂದು ಉತ್ತರ ಬಂತು.

ಸಿರಿಂಜಿನಲ್ಲಿರುವುದು ಎರಡು ಚಮಚದಷ್ಟು ಔಷಧಿ. "ಬಟ್ಟಲೇನ್ರೀ!" ಎಂದು ಫೋನಿಟ್ಟ ಡಾಕ್ಟರು ಆ ಕ್ಷಣವೇ ಬೈಕು ಹತ್ತಿರಬೇಕು. ಅರ್ಧ ಗಂಟೆಯಲ್ಲಿ ನಮ್ಮ ಅಂಗಳದಲ್ಲಿದ್ದರು, ಹೆಲ್ಮೆಟ್ಟು ಕೂಡ ತೆಗೆಯದೆ ಶೆಡ್ಡಿಗೆ ನುಗ್ಗಿದರು. ನಾನು ಅಷ್ಟರಲ್ಲಿ ತಟ್ಟುವಿನ ಕುತ್ತಿಗೆ ಹಿಡಿದು ಅಳುತ್ತಿದ್ದೆ. ಅದು ಒದೆಯದೆ ಸುಮ್ಮನೆ ನಿಂತಿದೆ ಎಂಬುದು ನನಗೆ ಗಮನಕ್ಕೇ ಬಂದಿರಲಿಲ್ಲ. ಅತ್ತೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಧಾನವಾಗಿ ಬಂದು, ಕೆಂಪು ಹುಲ್ಲನ್ನು ನೋಡಿ, ನನ್ನನ್ನು ನೋಡಿದರು.

"ಎಂತಕೆ ಬೊಬ್ಬೆ ಹೊಡೆಯುದು ಟೀಚರ್? ನಂದೂ ಹಂಗೇ ಉಟ್ಟು."

ಡಾಕ್ಟರು ಹೆಲ್ಮೆಟ್ಟಿನೊಳಗಿನಿಂದ ಕಣ್ಣು ಬಿಟ್ಟರು. ಅದೇ ಹೊತ್ತಿಗೆ ಬಚ್ಚಲ ಕಡೆಯಿಂದ ಬಂದ ನಮ್ಮವರು ಏನು ಗಲಾಟೆ ಎಂದು ವಿಚಾರಿಸಿ, "ಅದಾ? ನನ್ನದೂ" ಎಂದರು. ಇಡೀ ಕುಟುಂಬಕ್ಕೆ ಏಕಕಾಲಕ್ಕೆ ರಕ್ತಸ್ರಾವವಾಗುತ್ತಿದೆ ಎಂದುಕೊಂಡ ಆ ಬಾದಾಮಿಯ ಹುಡುಗ ಶೆಡ್ಡಿನ ಕಂಬಕ್ಕೆ ಒರಗಿ ನಿಂತ. ನನಗೆ ಆಗ ಹೊಳೆಯಿತು. ಮೂವತ್ತೈದು ವರ್ಷ ಈ ಮನೆಯಲ್ಲಿ ಆ ಪಾಯಸ ತಿಂದವಳಿಗೆ ಆಗ!

"ನೀನೇ ಹೇಳ್ದಲಾ, ಇಂದ್ ಹದಿನೆಂಟು, ಮದ್ದು ಕೊಡಿ ಅಂತ. ಕುದ್ರೆಗೂ ಕೊಡೊಕು ಅಂತ ನೆನಪ್ ಮಾಡ್ದಲಾ ಅಂತ ನಂಗೆ ಖುಷಿ ಆತ್" ಎಂದರು ಅತ್ತೆ. ಮನೆಯವರಿಗೆಲ್ಲ ಕೊಡುವುದನ್ನು ಕುದುರೆಗೂ ಕೊಡಬೇಕೆಂದು ಸೊಸೆಗೆ ತೋಚಿತಲ್ಲ ಎಂಬ ಅವರ ಖುಷಿಯನ್ನು ತಿದ್ದಲು ನನ್ನಿಂದಾಗಲಿಲ್ಲ. ಡಾಕ್ಟರನ್ನು ಕೂರಿಸಿ ಎಲ್ಲ ವಿವರಿಸಿ, ಉಳಿದಿದ್ದ ಪಾಯಸ ಬಡಿಸಿದೆವು. ಎರಡು ಸಲ ಹಾಕಿಸಿಕೊಂಡರು. ಮಾರನೆಯ ದಿನ ಬೆಳಿಗ್ಗೆ ಆರಕ್ಕೆ ಫೋನು ಬಂತು. "ಮೇಡಂ, ನಂಗ ಗೊತ್ತೈತ್ರಿ, ನೀವು ಹೇಳಿದ್ರಿ, ಆದ್ರೂ ಒಮ್ಮೆ ಕೇಳೂಣು ಅಂತ..."

ನಕ್ಕದ್ದೆಲ್ಲ ಸರಿ, ನಿಜವಾದ ಔಷಧಿ ಅಲ್ಲಿಯವರೆಗೆ ಡ್ರಾಯರಿನಲ್ಲೇ ಇತ್ತು. ತಾವು ಪಾಯಸ ಉಂಡ ದಿನವೇ ಡಾಕ್ಟರು ಎದುರು ನಿಂತು ಅದನ್ನು ಕೊಡಿಸಿ ಹೋಗಿದ್ದರು. ಮಾರನೆಯ ದಿನ ಹುಳ ಬೀಳತೊಡಗಿದವು. ಲದ್ದಿಯ ತುಂಬ ಸೇವಿಗೆಯಂತೆ. ವರ್ಣಿಸುವುದಿಲ್ಲ, ನೀವು ತಿಂಡಿ ತಿನ್ನುತ್ತಿರಬಹುದು. ಸಂಜೆ ಹೊತ್ತಿಗೆ ತಟ್ಟು ಹುಲ್ಲು ಮೂಸುವುದನ್ನೂ ಬಿಟ್ಟಿತು. ತಲೆ ಮೊಣಕಾಲಿನವರೆಗೆ ಇಳಿಯಿತು. ನಮ್ಮವರು ಮೊಬೈಲ್ ಎತ್ತಿ ನೋಡಿದರು, ಪೋಸು ಕೊಡಲಿಲ್ಲ. ಆಗ ಮಾತ್ರ ನಮಗೆ ನಿಜವಾಗಿ ಹೆದರಿಕೆಯಾಯಿತು. ನಾನು ಕುರ್ಚಿ ಹಾಕಿಕೊಂಡು ಕೂತೆ, ವ್ಯಾಕರಣ ನೆನಪಿಗೆ ಬರಲಿಲ್ಲ. ನೆಲಕ್ಕೆ ಬೀಳಬೇಡ ಎಂದಷ್ಟೇ ಹೇಳುತ್ತಿದ್ದೆ. ಅತ್ತೆ ಓಮದ ನೀರು ಕಾಸಿ ತಂದು, ಕೊಡಬಹುದಾ ಎಂದು ನನ್ನನ್ನು ಕೇಳಿದರು. ಅವರು ನನ್ನನ್ನು ಹಾಗೆ ಕೇಳಿದ್ದು ಅದೇ ಮೊದಲು. ಬೇಡ ಎನ್ನಲು ಮನಸ್ಸಾಗದೆ ಡಾಕ್ಟರಿಗೆ ಫೋನು ಮಾಡಿ ಕೇಳಿ, ಬಾಯಿಗೆ ಒಂದಿಷ್ಟು ಸವರಿದೆವು.

ಮೂರನೆಯ ದಿನ ಬೆಳಿಗ್ಗೆ ಮಳೆ ಬಿಟ್ಟು ಬಿಸಿಲು ಬಂತು. ನಮ್ಮವರು ಹಿಂಡಿ ತರಲು ಜೀಪು ತೆಗೆದುಕೊಂಡು ಹೋದರು. ತಟ್ಟುವನ್ನು ಕಾಫಿ ಒಣಗಿಸುವ ಕಣಕ್ಕೆ ಬಿಟ್ಟು, ಮೈಗೆ ಬಿಸಿಲು ತಾಗಲಿ ಎಂದು ನಾನು ಒಳಗೆ ಹೋದೆ. ಒಂದು ಲೋಟ ಕಾಫಿ ಕುಡಿದು ಬರುವಷ್ಟು ಹೊತ್ತು, ಅಷ್ಟೇ. ಬಂದು ನೋಡಿದರೆ ಕಣದ ನಡುವೆ ತಟ್ಟು ಬಿದ್ದಿತ್ತು. ಪಕ್ಕಕ್ಕೆ ಮಗುಚಿ, ನಾಲ್ಕೂ ಕಾಲು ನೆಟ್ಟಗೆ ಚಾಚಿ, ತುಟಿ ಜೋತು, ಒಂದು ಹಲ್ಲು ಕಾಣುತ್ತಿತ್ತು. ಹತ್ತಿರ ಹೋಗಲು ಧೈರ್ಯವಾಗಲಿಲ್ಲ. ನಿಂತಲ್ಲಿಂದಲೇ ಫೋನು ಮಾಡಿದೆ. ಬಿತ್ತು ಎಂದೆ.

"ಹೊರಳಾಡ್ತದೇನ್ರಿ?"

"ಇಲ್ಲ."

"ಬೆವರೈತೇನು?"

"ಇಲ್ಲ. ಏನೂ ಇಲ್ಲ ಡಾಕ್ಟ್ರೇ, ಅಲ್ಲಾಡ್ತಾನೇ ಇಲ್ಲ."

"ಹತ್ರ ಹೋಗ್ರಿ. ಹೊಟ್ಟಿ ನೋಡ್ರಿ."

ಹೋದೆ. ಹೊಟ್ಟೆ ಏರಿತು. ಇಳಿಯಿತು. ಮತ್ತೆ ಏರಿತು. ಇನ್ನೂ ಹತ್ತಿರ ಬಗ್ಗಿದಾಗ ಗೊರ್ ಎಂಬ ಸದ್ದು ಕೇಳಿಸಿತು. ಫೋನನ್ನು ಅದರ ಮೂಗಿನ ಹತ್ತಿರ ಹಿಡಿದೆ.

ಡಾಕ್ಟರು ಆ ಕಡೆಯಿಂದ ಜೋರಾಗಿ ನಕ್ಕರು. "ಮೇಡಂ, ಗೊರಕಿ ಹೊಡಿಯಾಕತ್ತೇತ್ರಿ! ಕುದರಿ ಅಂಜಿಕಿ ಇದ್ದಲ್ಲಿ ನಿಂತ ನಿದ್ದಿ ಮಾಡ್ತದ. ಹಿಂಗ ಕಾಲು ಚಾಚಬೇಕಂದ್ರ ಯಾರೋ ನಮ್ಮನ್ನ ನೋಡ್ಕೊಳ್ಳೋರು ಅದಾರ ಅಂತ ಅದಕ್ಕ ಖಾತ್ರಿ ಆಗಬೇಕ್ರಿ. ಫೋನ್ ಇಡ್ರಿ, ಎಬ್ಬಿಸಬ್ಯಾಡ್ರಿ."

ನಾನು ಕಣದ ಮೇಲೆಯೇ ಕೂತೆ. ಬಿಸಿಲು ಚುರುಗುಟ್ಟುತ್ತಿತ್ತು. ಅತ್ತೆ ಬಂದರು, ನೋಡಿದರು. ಸೆರಗನ್ನು ತಲೆಗೆ ಹೊದ್ದುಕೊಂಡು ನನ್ನ ಪಕ್ಕ ಕೂತು, ತಟ್ಟುವಿನ ಕಣ್ಣಿಗೆ ಮುತ್ತುತ್ತಿದ್ದ ನೊಣವನ್ನು ಓಡಿಸತೊಡಗಿದರು. ಕೆಳಗಿನ ತಿರುವಿನಲ್ಲಿ ಜೀಪಿನ ಸದ್ದು ಕೇಳಿಸಿತು. ನಮ್ಮ ಜೀಪು ಬರುತ್ತಿರುವುದು ಮೂರು ಮನೆಗೆ ಗೊತ್ತಾಗುತ್ತದೆ. ನಾನು ಚಪ್ಪಲಿ ಬಿಟ್ಟು, ಈ ಅರವತ್ತೊಂದರ ವಯಸ್ಸಿನಲ್ಲಿ ಸೀರೆ ಎತ್ತಿ ಹಿಡಿದು ಗೇಟಿನವರೆಗೆ ಓಡಿದೆ. ಎರಡು ಕೈಯನ್ನೂ ಅಡ್ಡ ಬೀಸಿ, ಏದುಸಿರು ಬಿಡುತ್ತ ಹೇಳಿದೆ.

"ಆಫ್ ಮಾಡಿ, ಆಫ್ ಮಾಡಿ. ಮಗು ಮಲಗಿದೆ."

ಯಾವ ಮಗು ಎಂದು ಅವರು ಕೇಳಲಿಲ್ಲ. ಎಂಜಿನ್ ಆರಿಸಿ, ಜೀಪನ್ನು ಗೇಟಿನ ಹೊರಗೇ ಬಿಟ್ಟು, ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಡೆದು ಬಂದರು.